ರೋಲಿಂಗ್ ಸ್ಟೋನ್ಸ್ ನಾಲಿಗೆ ಕುಕೀ: ಕೆಂಪು ಬಿಳಿಗೆ ಇಳಿಯದ ಹಾಗೆ ಮಾಡೋದು ಹೇಗೆ?

ಮೈದಾಮನೆ

ರೋಲಿಂಗ್ ಸ್ಟೋನ್ಸ್ ಅನ್ನೋ ಇಂಗ್ಲಿಷ್ ರಾಕ್ ಬ್ಯಾಂಡ್‌ನ ಅಭಿಮಾನಿಗಳ ಸಣ್ಣ ಕೂಟಕ್ಕೆ 24 ಕುಕೀ ಬೇಕು. ಅವರ ತುಟಿ-ನಾಲಿಗೆ ಚಿಹ್ನೆಯದೇ ಆಕಾರ, ಸುಮಾರು 8 ಸೆಂ.ಮೀ. ಎತ್ತರ, ಮೇಲೆ ರಾಯಲ್ ಐಸಿಂಗ್ (ಸಕ್ಕರೆ ಪುಡಿ, ಮೊಟ್ಟೆಯ ಬಿಳಿ ಕಲಸಿದ, ಒಣಗಿದರೆ ಗಟ್ಟಿಯಾಗುವ ಲೇಪ). ತೊಂದರೆ ಏನಂದರೆ ಕೆಂಪು, ಬಿಳಿ, ಕಪ್ಪು ಮೂರೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಹಲ್ಲು ಬೆಳಿಗ್ಗೆ ಹೊತ್ತಿಗೆ ಗುಲಾಬಿ ಆಗಬಾರದು.

ಕೇಳಬೇಕಾದ್ದು: ಯಾವ ಬಣ್ಣ ಮೊದಲು? ಮೊಟ್ಟೆ ತಿನ್ನದವರೂ ಇದ್ದಾರೆ, ಐಸಿಂಗ್‌ಗೆ ಏನು ದಾರಿ? ಒವನ್ ಸಾಧಾರಣ ಓಟಿಜಿ (ಒವನ್-ಟೋಸ್ಟರ್-ಗ್ರಿಲ್ಲರ್), ಫ್ಯಾನ್ ಇಲ್ಲ. ತುಟಿಯ ಮೂಲೆಗಳು ಚೂಪಾಗಿಯೇ ಉಳಿಯಬೇಕು, ಬೇಯುವಾಗ ಹರಡಬಾರದು.

ಸಕ್ಕರೆಸೂಜಿ

ಯಾವ ಬಣ್ಣ ಮೊದಲು ಅನ್ನೋದಕ್ಕಿಂತ ಕೆಂಪೂ ಬಿಳಿಯೂ ಹಸಿಯಾಗಿ ಒಂದನ್ನೊಂದು ಮುಟ್ಟಲೇಬಾರದು ಅನ್ನೋದು ಮುಖ್ಯ. ಐಸಿಂಗ್‌ಗೆ ಹಾಕುವ ಜೆಲ್ ಬಣ್ಣ (ಮಂದವಾದ ಆಹಾರ ಬಣ್ಣ) ನೀರಿನಲ್ಲಿ ಕರಗುವಂಥದ್ದು. ಹಸಿ ಐಸಿಂಗ್‌ನ ನೀರು ಪಕ್ಕದ ಒಣ ಐಸಿಂಗ್‌ಗೆ ಇಳಿಯುವಾಗ ಬಣ್ಣವನ್ನೂ ಎಳೆದುಕೊಂಡು ಹೋಗುತ್ತೆ. ಕೆಂಪಿಗೆ ಬೇರೆಲ್ಲ ಬಣ್ಣಕ್ಕಿಂತ ಹೆಚ್ಚು ಜೆಲ್ ಹಾಕಿರ್ತೀವಿ, ಪಕ್ಕದಲ್ಲಿ ಇರೋದು ಬಿಳಿ. ಹಾಗಾಗಿ ಈ ಚಿಹ್ನೆಯಲ್ಲಿ ತೊಂದರೆ ಬೇಗ ಕಣ್ಣಿಗೆ ಬೀಳುತ್ತೆ.

ಹಲ್ಲು ಮತ್ತು ಬಿಳಿ ಹೊಳಪುಗಳನ್ನ (ತುಟಿ, ನಾಲಿಗೆ ಮೇಲಿನ ಬಿಳಿ ಗುರುತುಗಳನ್ನ) ಕುಕೀ ಮೇಲೆ ಹಾಕಲೇಬೇಡಿ. ಬೇರೆ ಹಾಳೆ ಮೇಲೆ ಬರೆದು, ಒಣಗಿಸಿ, ಕೊನೆಗೆ ಅಂಟಿಸಿ. ಇದಕ್ಕೆ ಐಸಿಂಗ್ ಟ್ರಾನ್ಸ್‌ಫರ್ ಅಂತಾರೆ.

ಚಿಹ್ನೆಯನ್ನ ಕುಕೀ ಅಳತೆಗೇ ಪ್ರಿಂಟ್ ತೆಗೆದು ಮೇಲೆ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಇಡಿ. ತೆಳು ಬಟರ್ ಪೇಪರ್ ಬೇಡ, ಹಸಿಗೆ ಸುಕ್ಕಾಗುತ್ತೆ, ಸುಕ್ಕಾದ ಕಡೆ ತುಂಡು ಮುರಿಯುತ್ತೆ. ಶೀಟ್‌ಗೆ ವನಸ್ಪತಿ ಸವರಿ ಟಿಶ್ಯೂನಲ್ಲಿ ಪೂರ್ತಿ ಒರೆಸಿಬಿಡಿ, ಪಸೆ ಉಳಿದರೆ ಸಾಕು. ಹೆಚ್ಚಾದರೆ ಬಿಳಿ ಮೇಲೆ ಎಣ್ಣೆ ಕಲೆ ಕೂತ್ಕೊಳ್ಳುತ್ತೆ. ಹಲ್ಲಿನ ಸಾಲು ಒಂದೇ ತುಂಡು. ಮೊದಲು ಇಡೀ ಪಟ್ಟಿಯನ್ನ ತುಂಬಿ, ಅದು ಒಣಗಿದ ಮೇಲೆ ಹಲ್ಲುಗಳ ನಡುವಿನ ಗೆರೆ ಎಳೀರಿ. ತುಟಿಯ ಹೊಳಪು, ನಾಲಿಗೆಯ ಹೊಳಪು ಬೇರೆ ತುಂಡುಗಳು. ಕನಿಷ್ಠ 24 ಗಂಟೆ ಒಣಗಲಿ. ಬಿಡಿಸುವಾಗ ಶೀಟನ್ನ ಮೇಜಿನ ಅಂಚಿಗೆ ತಂದು ಕೆಳಕ್ಕೆ ಬಗ್ಗಿಸಿ, ತುಂಡು ತಾನೇ ಮೇಲೇಳುತ್ತೆ. ಉಗುರು ಹಾಕಿ ಎಬ್ಬಿಸಿದರೆ ಮುರಿಯೋದು ಗ್ಯಾರಂಟಿ. 24 ಬೇಕಾದರೆ 32 ಮಾಡಿಟ್ಟುಕೊಳ್ಳಿ.

ಕೆಂಪು ಪೂರ್ತಿ ಒಣಗಿದ ಮೇಲೆ ಗಟ್ಟಿ ಐಸಿಂಗ್‌ನ ಒಂದು ಚುಕ್ಕೆ ಇಟ್ಟು ತುಂಡನ್ನ ಕೂರಿಸಿ. ಚುಕ್ಕೆ ಸಾಸಿವೆ ಕಾಳಿನಷ್ಟೇ ಇರಲಿ.

ಓಟಿಜಿಒಡತಿ

ಹಿಟ್ಟಿನ ಲೆಕ್ಕ ಬರೀತೀನಿ. 8 ಸೆಂ.ಮೀ. ಅಳತೆಗೆ 22ರಿಂದ 24 ಬರುತ್ತವೆ, ಚೂರುಗಳನ್ನ ಒಂದು ಸಲ ಮತ್ತೆ ಲಟ್ಟಿಸೋದೂ ಸೇರಿ. ಒಡೆಯೋದಕ್ಕೆ ನಾಲ್ಕೈದು ಹೆಚ್ಚು ಬೇಕಂದರೆ ಕಾಲುಭಾಗ ಸೇರಿಸಿ.

ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಪುಡಿ ಸಕ್ಕರೆ 150 ಗ್ರಾಂ, ಮೈದಾ 370 ಗ್ರಾಂ, ಕಾರ್ನ್‌ಫ್ಲೋರ್ 30 ಗ್ರಾಂ, ಉಪ್ಪು ಕಾಲು ಟೀ ಚಮಚ, ವೆನಿಲ್ಲಾ 1 ಟೀ ಚಮಚ, ತಣ್ಣನೆ ಹಾಲು 30ರಿಂದ 40 ಮಿ.ಲೀ. ಮೊಟ್ಟೆ ಆಗುತ್ತೆ ಅನ್ನೋರು ಹಾಲಿನ ಬದಲು ಒಂದು ಮೊಟ್ಟೆ ಹಾಕಿ. ಬೇಕಿಂಗ್ ಪೌಡರ್, ಸೋಡಾ ಎರಡೂ ಬೇಡ. ಕುಕೀ ಉಬ್ಬಿದರೆ ಅಂಚು ದುಂಡಾಗುತ್ತೆ, ಮೇಲ್ಮೈ ಗುಮ್ಮಟ ಆಗುತ್ತೆ, ಐಸಿಂಗ್ ಪಕ್ಕಕ್ಕೆ ಜಾರುತ್ತೆ.

ಬೆಣ್ಣೆ ಬೆರಳು ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗಿರಲಿ, ಹೊಳೆಯುವಷ್ಟು ಅಲ್ಲ. ಸಕ್ಕರೆ ಜತೆ ಒಂದು ನಿಮಿಷ ಬೆರೆಸಿದರೆ ಸಾಕು. ಕೇಕಿಗೆ ಮಾಡಿದ ಹಾಗೆ ಬಿಳಿಚುವ ತನಕ ಬೀಟ್ ಮಾಡಿದರೆ ಒಳಗೆ ಗಾಳಿ ಸೇರಿ ಒವನ್‌ನಲ್ಲಿ ಹರಡುತ್ತೆ. ಮೈದಾ ಸೇರಿಸಿ ಉಂಡೆ ಕಟ್ಟಿದ ತಕ್ಷಣ ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು 6 ಮಿ.ಮೀ. ದಪ್ಪಕ್ಕೆ ಲಟ್ಟಿಸಿ. ಅಕ್ಕಪಕ್ಕ 6 ಮಿ.ಮೀ.ನ ಎರಡು ಮರದ ಪಟ್ಟಿ ಇಟ್ಟುಕೊಂಡು ಲಟ್ಟಣಿಗೆ ಅದರ ಮೇಲೆ ಓಡಲಿ, ದಪ್ಪ ಎಲ್ಲ ಕಡೆ ಒಂದೇ ಬರುತ್ತೆ. ಹಾಳೆ ಸಮೇತ ಫ್ರಿಜ್‌ನಲ್ಲಿ 40 ನಿಮಿಷ. ಆಮೇಲೆ ಕತ್ತರಿಸಿ, ಕತ್ತರಿಸಿದ್ದನ್ನ ಟ್ರೇ ಮೇಲಿಟ್ಟು ಫ್ರೀಜರ್‌ನಲ್ಲಿ 10 ನಿಮಿಷ, ಅಲ್ಲಿಂದ ನೇರ ಒವನ್‌ಗೆ.

170 ಡಿಗ್ರಿ, ಮೇಲೆ ಕೆಳಗೆ ಎರಡೂ ರಾಡ್, ನಡುವಿನ ಹಂತ, 12ರಿಂದ 14 ನಿಮಿಷ. ಓಟಿಜಿಯ ತಿರುಗಣೆಯನ್ನ ನಂಬಬೇಡಿ, ಒಳಗೆ ಇಡುವ ಒವನ್ ಥರ್ಮಾಮೀಟರ್ ಒಂದು ತಗೊಳ್ಳಿ, 20 ಡಿಗ್ರಿ ಆಚೀಚೆ ತೋರಿಸೋದು ಮಾಮೂಲು. ಕಾಯೋದಕ್ಕೆ 15 ನಿಮಿಷವಾದರೂ ಬಿಡಿ. ಅರ್ಧದಲ್ಲಿ ಟ್ರೇ ತಿರುಗಿಸಿ. ಅಂಚು ತೆಳು ಹೊಂಬಣ್ಣಕ್ಕೆ ಬರಲೇಬೇಕು. ಬೆಳ್ಳಗೇ ಇರಲಿ ಅಂತ ಬೇಗ ತೆಗೆದರೆ ಬೆಣ್ಣೆ ಐಸಿಂಗ್‌ಗೆ ಹತ್ತಿ ಎರಡನೇ ದಿನ ಎಣ್ಣೆ ಮಚ್ಚೆ ಕಾಣಿಸುತ್ತೆ.

ತುಟಿಯ ಮೂಲೆ ವಿಚಾರ: ತುದಿ ಸೂಜಿಯಷ್ಟು ಚೂಪು ಬೇಡ. 8 ಮಿ.ಮೀ.ಗಿಂತ ಸಣ್ಣದಾದರೆ ಮೊದಲು ಅದೇ ಸೀಯುತ್ತೆ, ಪ್ಯಾಕ್ ಮಾಡುವಾಗ ಮೊದಲು ಅದೇ ಮುರಿಯುತ್ತೆ. ಕುಕೀಯ ಮೂಲೆ ಸ್ವಲ್ಪ ಮೊಂಡಾಗಿರಲಿ, ಚೂಪನ್ನ ಐಸಿಂಗ್‌ನಲ್ಲಿ ತನ್ನಿ.

ಬೆಣ್ಣೆಗೌಡ

ಮನೆಯಲ್ಲಿ ಕಡೆದ ಬೆಣ್ಣೆ ಹಾಕಬಹುದಾ? ಮನೆ ತುಂಬ ಅದೇ ಇದೆ.

ಓಟಿಜಿಒಡತಿ

ರೊಟ್ಟಿ ಜತೆ ತಿನ್ನಿ ಸರ್, ಇದಕ್ಕೆ ಬೇಡ. ಪ್ಯಾಕೆಟ್ ಬೆಣ್ಣೆಯಲ್ಲಿ ಕೊಬ್ಬು 80 ಪರ್ಸೆಂಟ್ ಅಂತ ಗೊತ್ತಿರುತ್ತೆ. ಮನೆ ಬೆಣ್ಣೆಯಲ್ಲಿ ನೀರು ಎಷ್ಟು ಉಳಿದಿದೆ ಅನ್ನೋದು ಪ್ರತಿ ಸಲ ಬೇರೆ. ನೀರು ಹೆಚ್ಚಿದ್ದರೆ ಹಿಟ್ಟು ಜಿಗುಟಾಗುತ್ತೆ, ಬೇಯುವಾಗ ಆವಿ ಉಬ್ಬಿಸುತ್ತೆ, ಆಮೇಲೆ ಕುಕೀ ಗಡುಸಾಗುತ್ತೆ. ಉಪ್ಪಿನ ಟೇಬಲ್ ಬಟರ್ ಆದರೆ ನಡೆಯುತ್ತೆ, ಬೇರೆ ಉಪ್ಪು ಹಾಕಬೇಡಿ ಅಷ್ಟೆ.

ಸಕ್ಕರೆಸೂಜಿ

ಐಸಿಂಗ್. ಐಸಿಂಗ್ ಶುಗರ್ 500 ಗ್ರಾಂ, ಮೆರಿಂಗ್ ಪೌಡರ್ 25 ಗ್ರಾಂ, ನೀರು 75 ಮಿ.ಲೀ. ಮೊದಲು ಪುಡಿಯನ್ನ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಸಕ್ಕರೆಯನ್ನ ಎರಡು ಸಲ ಜರಡಿ ಹಿಡಿದು ಸೇರಿಸಿ, ಕಡಿಮೆ ವೇಗದಲ್ಲಿ ಐದಾರು ನಿಮಿಷ. ವೇಗ ಹೆಚ್ಚಿಸಿದರೆ ಗುಳ್ಳೆ ತುಂಬುತ್ತೆ, ಆ ಗುಳ್ಳೆಗಳೇ ಒಣಗುವಾಗ ಕೆಂಪು ಮೇಲೆ ಸಣ್ಣ ತೂತಾಗಿ ಕಾಣೋದು. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಹಿಟ್ಟಿಗೆ ಪರವಾಗಿಲ್ಲ, ಐಸಿಂಗ್‌ಗೆ ಬೇಡ. ಒಂದು ಹರಳು ಸಾಕು ಸಣ್ಣ ನಾಝಲ್ ಕಟ್ಟಿಕೊಳ್ಳೋಕೆ.

ಮೆರಿಂಗ್ ಪೌಡರ್ ಅಂದರೆ ಸಾಮಾನ್ಯವಾಗಿ ಒಣಗಿಸಿದ ಮೊಟ್ಟೆಯ ಬಿಳಿಯೇ. ಪುಡಿ ಅಂದಮಾತ್ರಕ್ಕೆ ಮೊಟ್ಟೆ ಇಲ್ಲ ಅಂದುಕೊಳ್ಳೋರು ತುಂಬ ಜನ. ಡಬ್ಬಿ ಮೇಲೆ ಹಸಿರು ಗುರುತು ನೋಡಿಯೇ ತಗೊಳ್ಳಿ. ಇಲ್ಲಾಂದರೆ ಕಾಬೂಲಿ ಕಡಲೆ ಬೇಯಿಸಿದ ನೀರು, ಅಕ್ವಾಫಾಬಾ. ಉಪ್ಪು ಹಾಕದೆ ಬೇಯಿಸಿ, ಸೋಸಿ, ಆ ನೀರನ್ನ ಮೊಟ್ಟೆಯ ಬಿಳಿಯಷ್ಟು ಲೋಳೆಯಾಗುವ ತನಕ ಕುದಿಸಿ ಇಳಿಸಿ, ತಣ್ಣಗಾಗಿಸಿ. 500 ಗ್ರಾಂ ಸಕ್ಕರೆಗೆ ಇದು 75ರಿಂದ 80 ಗ್ರಾಂ, ನಿಂಬೆರಸ ಅರ್ಧ ಟೀ ಚಮಚ. ಒಣಗೋದು ನಿಧಾನ, ಟ್ರಾನ್ಸ್‌ಫರ್ ತುಂಡುಗಳು ಇನ್ನೂ ನಾಜೂಕು. ಹಾಗಾಗಿ ಹಲ್ಲಿನ ಪಟ್ಟಿಯನ್ನ ಸ್ವಲ್ಪ ದಪ್ಪವಾಗಿಯೇ ಬರೀರಿ.

ಹದ ಎರಡು. ಔಟ್‌ಲೈನ್‌ಗೆ ಟೂತ್‌ಪೇಸ್ಟ್ ಹಾಗೆ ನಿಲ್ಲಬೇಕು. ತುಂಬೋದಕ್ಕೆ, ಬಟ್ಟಲಲ್ಲಿ ಚಾಕುವಿನಿಂದ ಗೀರಿದರೆ ಗೆರೆ 15 ಸೆಕೆಂಡಿಗೆ ಮುಚ್ಚಬೇಕು. ಎಂಟು ಹತ್ತು ಸೆಕೆಂಡಿಗೇ ಮುಚ್ಚಿದರೆ ನೀರು ಹೆಚ್ಚು. ಒಣಗೋದು ತಡ, ಬಣ್ಣ ಹರಿಯೋದೂ ಹೆಚ್ಚು. ಸರಿಪಡಿಸೋಕೆ ಸಕ್ಕರೆ ಸುರಿಯಬೇಡಿ, ಎತ್ತಿಟ್ಟ ಗಟ್ಟಿ ಐಸಿಂಗ್ ಸ್ವಲ್ಪ ಬೆರೆಸಿ. ಈ ಲೆಕ್ಕಕ್ಕೆ ಕೆಂಪು 280 ಗ್ರಾಂ, ಬಿಳಿ 150, ಉಳಿದದ್ದು ಕಪ್ಪು.

ಕೆಂಪು ಮಾಡುವಾಗ ಅವಸರವೇ ಶತ್ರು. 280 ಗ್ರಾಂಗೆ ಕಾಲು ಟೀ ಚಮಚ ಗಾಢ ಕೆಂಪು ಜೆಲ್‌ನಿಂದ ಶುರು ಮಾಡಿ ಹನಿಹನಿಯಾಗಿ ಏರಿಸಿ. ಕಡು ಗುಲಾಬಿ, ಇನ್ನೇನು ಕೆಂಪಾಗಬೇಕು ಅನ್ನುವಲ್ಲಿ ನಿಲ್ಲಿಸಿ. ಗಾಳಿಯಾಡದ ಡಬ್ಬಿಯಲ್ಲಿ 24 ಗಂಟೆ ಬಿಟ್ಟರೆ ತಾನೇ ಗಾಢವಾಗುತ್ತೆ, ಕುಕೀ ಮೇಲೆ ಒಣಗುವಾಗ ಇನ್ನೊಂದು ಛಾಯೆ ಇಳಿಯುತ್ತೆ. ಅಂದೇ ಕೆಂಪು ಬರಲಿ ಅಂತ ಸುರಿದರೆ ಕಹಿ, ಮೇಲ್ಮೈ ಒಣಗದೆ ಅಂಟಂಟು, ತಿಂದವರ ಹಲ್ಲೂ ಕೆಂಪು. ಜೆಲ್ ಬಾಟಲಿ ಮೇಲೆ ಎಷ್ಟಕ್ಕೆ ಎಷ್ಟು ಅಂತ ಕೊಟ್ಟಿದ್ದರೆ ಆ ಮಿತಿ ದಾಟಬೇಡಿ. ಎಣ್ಣೆ ಆಧಾರದ ಚಾಕೊಲೇಟ್ ಬಣ್ಣ ಇದಕ್ಕೆ ಸಲ್ಲ, ಕೊಬ್ಬು ಬಿದ್ದರೆ ರಾಯಲ್ ಐಸಿಂಗ್ ಕುಸಿಯುತ್ತೆ. ಸಸ್ಯಾಹಾರಿಗಳಿಗೆ ಕೊಡೋದಾದರೆ ಕಾರ್ಮೈನ್ ಇದೆಯಾ ಅಂತಲೂ ನೋಡಿ, ಲೇಬಲ್‌ನಲ್ಲಿ 120 ಅನ್ನೋ ಸಂಖ್ಯೆ ಇರುತ್ತೆ, ಅದು ಕೀಟದಿಂದ ತೆಗೆದ ಬಣ್ಣ.

ಹಸಿರುಹೊಲ

ಬೀಟ್‌ರೂಟ್ ಪುಡಿ ಹಾಕಿದರೆ?

ಸಕ್ಕರೆಸೂಜಿ

ರಾಣಿ ಬಣ್ಣ ಬರುತ್ತೆ, ಆ ಕೆಂಪು ಬರಲ್ಲ. ಬೆಳಕಿಗಿಟ್ಟರೆ ಅದೂ ಮಂಕಾಗುತ್ತೆ. ಬೇರೆ ಬ್ಯಾಂಡ್ ಆರಿಸಿಕೊಳ್ಳಿ.

ಪಡುಕಡಲ್

ನಾನು ಸಕ್ಕರೆಸೂಜಿಯವರ ಮಾತಿಗೆ ಅರ್ಧ ಮಾತ್ರ ಒಪ್ಪುವುದು. ಟ್ರಾನ್ಸ್‌ಫರ್ ಒಳ್ಳೆಯ ಉಪಾಯವೇ, ಆದರೆ ಜೂನ್-ಜುಲೈಯಲ್ಲಿ ಮಂಗಳೂರು ಬದಿಯಲ್ಲಿ ಒಣಗಿದ್ದೂ ಮತ್ತೆ ಹಸಿಯಾಗ್ತದೆ ಮಾರಾಯ್ರೆ. ಗಾಳಿಯ ತೇವಾಂಶ 85 ಪರ್ಸೆಂಟ್ ದಾಟಿದ ಮೇಲೆ 24 ಗಂಟೆಯ ಲೆಕ್ಕ ಉಪಯೋಗಕ್ಕಿಲ್ಲ. ಎಸಿ ಉಂಟಾದರೆ ಡ್ರೈ ಮೋಡ್‌ನಲ್ಲಿ ಹಾಕಿ ಕೋಣೆ ಮುಚ್ಚಿ, ಟೇಬಲ್ ಫ್ಯಾನನ್ನು ಒಂದು ಮೀಟರ್ ದೂರದಿಂದ ಬಿಡಿ. ಫುಡ್ ಡಿಹೈಡ್ರೇಟರ್ ಇದ್ದವರು ತುಂಬಿದ ಕೂಡಲೇ 40 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಬಹುದು. ಮೇಲೆ ಪೊರೆ ಬೇಗ ಕಟ್ಟಿದರೆ ಹೊಳಪೂ ಉಳಿಯುತ್ತದೆ, ಸಣ್ಣ ಜಾಗಗಳಲ್ಲಿ ಗುಳಿಯೂ ಬೀಳುವುದಿಲ್ಲ. ಓಟಿಜಿಯನ್ನು ಈ ಕೆಲಸಕ್ಕೆ ಬಳಸಬೇಡಿ. ಹೆಚ್ಚಿನವುಗಳಲ್ಲಿ ಅಷ್ಟು ಕಡಿಮೆ ಶಾಖ ನಿಲ್ಲುವುದಿಲ್ಲ, ಕುಕೀಯ ಬೆಣ್ಣೆ ಕರಗಿ ಮೇಲೆ ಬರ್ತದೆ.

ಫ್ರಿಜ್‌ನಲ್ಲಿ ಇಡುವವರು ಕೆಲವರಿದ್ದಾರೆ. ಹೊರಗೆ ತೆಗೆದ ಕೂಡಲೇ ಮೇಲೆ ನೀರಿನ ಹನಿ ಕೂರ್ತದೆ, ಆ ಹನಿಗೆ ಕೆಂಪು ಕರಗಿ ಇಳಿಯುತ್ತದೆ. ಅಷ್ಟೆ, ಕತೆ ಮುಗಿಯಿತು.

ಸಕ್ಕರೆಸೂಜಿ

ಒಪ್ಪಿದೆ, ಕರಾವಳಿಗೆ ಬೇರೆಯೇ ಲೆಕ್ಕ. ಬಿಳಿಗೆ ಹಾಲುಬಿಳಿ ಜೆಲ್ ಒಂದೆರಡು ಹನಿ ಹಾಕಿದರೆ ಸ್ವಲ್ಪ ಹತ್ತಿದ ಕೆಂಪು ಅಷ್ಟು ಬೇಗ ಕಾಣಲ್ಲ. ಅದು ಮುಚ್ಚಿಹಾಕೋದು ಮಾತ್ರ, ತಡೆಯೋದಲ್ಲ.

ಶಾರದಾಪುರ

ಟ್ರಾನ್ಸ್‌ಫರ್ ಎಲ್ಲ ಯಾಕೆ? ಬಿಳಿಯನ್ನು ಮೊದಲು ಕುಕೀ ಮೇಲೇ ತುಂಬಿ, ಒಣಗಿಸಿ, ಸುತ್ತ ಗಟ್ಟಿ ಕಪ್ಪು ಗೆರೆ ಕಟ್ಟಿ, ಆಮೇಲೆ ಕೆಂಪು ತುಂಬಿದರೆ ಆಯಿತಲ್ಲ. ಕಪ್ಪು ಗೆರೆ ಒಡ್ಡಿನ ಹಾಗೆ ತಡೆಯುತ್ತದೆ. ಚಿಹ್ನೆಯಲ್ಲೂ ಹಲ್ಲಿನ ಸುತ್ತ ಕಪ್ಪು ಇದ್ದೇ ಇದೆ.

ಸಕ್ಕರೆಸೂಜಿ

ಹಲ್ಲಿಗೆ ಇದು ನಡೆಯುತ್ತೆ. ಆದರೆ ತುಟಿಯ ಮೇಲಿನ ಬಿಳಿ ಹೊಳಪಿಗೆ ಕಪ್ಪು ಗೆರೆ ಇಲ್ಲ, ಅದು ಕೆಂಪಿನ ನಡುವೆಯೇ ಇರೋದು. ಅಲ್ಲಿ ಒಡ್ಡು ಕಟ್ಟಿದರೆ ಚಿಹ್ನೆಯೇ ಬದಲಾಗುತ್ತೆ. ಇನ್ನೊಂದು, ಒಡ್ಡು ಮೇಲಿನಿಂದ ಮಾತ್ರ. ಅಡಿಯಲ್ಲಿ ಕುಕೀಯ ಮೇಲ್ಮೈ ತೇವ ಹೀರಿಕೊಂಡು ಆ ಕಡೆಯಿಂದ ಈ ಕಡೆಗೆ ದಾಟಿಸಬಹುದು, ಕಪ್ಪು ಸ್ವತಃ ಬಿಳಿಗೆ ಬೂದು ಅಂಚು ಬಿಡಬಹುದು. ಒಣ ಊರಲ್ಲಿ, ಚಳಿಗಾಲದಲ್ಲಿ, ಹತ್ತು ಹನ್ನೆರಡು ಗಂಟೆ ಅಂತರ ಕೊಟ್ಟರೆ ನಿಮ್ಮ ಕ್ರಮವೂ ಸರಿಯೇ.

ಕಲ್ಲುರುಳು

ಬ್ಯಾಂಡ್ ಕಡೆಯಿಂದ ಒಂದೆರಡು ಮಾತು, ಚಿತ್ರ ಬರೆಯೋರಿಗೆ ಉಪಯೋಗ ಆಗುತ್ತೆ. ಈ ಚಿಹ್ನೆ ಮಾಡಿದ್ದು ಜಾನ್ ಪ್ಯಾಷ್, 1970ರಲ್ಲಿ, ಆಗ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ವಿದ್ಯಾರ್ಥಿ. ಕೊಟ್ಟ ಹಣ 50 ಪೌಂಡ್. ಬ್ಯಾಂಡ್‌ನ ಗಾಯಕ ಮಿಕ್ ಜಾಗರ್ ಮಾದರಿಗೆ ತೋರಿಸಿದ್ದು ನಮ್ಮ ಕಾಳಿಯ ಚಿತ್ರ, ಆ ಚಾಚಿದ ನಾಲಿಗೆ ಅಲ್ಲಿಂದ ಬಂದದ್ದು. ಜನರ ಮುಂದೆ ಬಂದದ್ದು 1971ರ ಆಲ್ಬಂ ಜತೆ. ಮೂಲ ಚಿತ್ರವನ್ನ 2008ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಕೊಂಡುಕೊಂಡಿತು. ಈ ಬ್ಯಾಂಡ್ 2003ರ ಏಪ್ರಿಲ್‌ನಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲೇ ನುಡಿಸಿದೆ, ಕೂಟದಲ್ಲಿ ಅದನ್ನ ನೋಡಿದವರೂ ಇರಬಹುದು. ಅವರ ಮುಂದೆ ನಾಲಿಗೆ ತಪ್ಪಿದರೆ ಬಿಡ್ತಾರಾ!

ಬರೆಯುವಾಗ ನೋಡಬೇಕಾದ್ದು: ನಾಲಿಗೆ ನೇರ ಕೆಳಕ್ಕೆ ಇಳಿದಿಲ್ಲ, ಓರೆಯಾಗಿದೆ, ತುಟಿಯೂ ಎಡಬಲ ಸಮ ಇಲ್ಲ. ಮಡಚಿ ಕತ್ತರಿಸಿದ ಕಾಗದದಲ್ಲಿ ಅಚ್ಚು ತೆಗೆದರೆ ಯಾವುದೋ ಟೂತ್‌ಪೇಸ್ಟ್ ಜಾಹೀರಾತಿನ ಹಾಗೆ ಆಗುತ್ತೆ. ಹೊಳಪುಗಳನ್ನ ಬಿಟ್ಟರೂ ಹಾಗೇ, ಅವಿಲ್ಲದೆ ಅದು ಬರೀ ಕೆಂಪು ಬಾಯಿ.

ಓಟಿಜಿಒಡತಿ

ಇದರ ಮೇಲೆ ಒಂದು ಸೇರಿಸ್ತೀನಿ. ತುಟಿಯನ್ನೂ ನಾಲಿಗೆಯನ್ನೂ ಒಟ್ಟಿಗೆ ತುಂಬಬೇಡಿ, ಕೂಡಿಕೊಂಡು ಒಂದೇ ಕೆಂಪು ಗುಡ್ಡೆ ಆಗುತ್ತೆ. ಮೊದಲು ತುಟಿ, ಒಂದು ಗಂಟೆ ಬಿಟ್ಟು ಪೊರೆ ಕಟ್ಟಿದ ಮೇಲೆ ನಾಲಿಗೆ. ನಡುವೆ ಸಹಜವಾಗಿ ಒಂದು ಸಣ್ಣ ಕಣಿವೆ ಉಳಿಯುತ್ತೆ, ಗೆರೆ ಎಳೆಯೋ ಕೆಲಸವೇ ಇಲ್ಲ. ತುಂಬಿದ ಕೂಡಲೇ ಕುಕೀಯನ್ನ ಮೇಜಿನ ಮೇಲೆ ಮೆಲ್ಲಗೆ ಅಲ್ಲಾಡಿಸಿ, ಮೇಲೆ ಬಂದ ಗುಳ್ಳೆಯನ್ನ ಗುಂಡುಸೂಜಿಯಿಂದ ಒಡೀರಿ. ಅರ್ಧ ನಿಮಿಷ ಕಳೆದ ಮೇಲೆ ಮುಟ್ಟಬೇಡಿ, ಪೊರೆ ಸುಕ್ಕಾಗುತ್ತೆ.

ಕೋಕೋಕಾಕ

ಯಾರೂ ಹೇಳಿಲ್ಲ ಅಂತ ಹೇಳ್ತಿದ್ದೀನಿ. ಕಪ್ಪು ಐಸಿಂಗನ್ನ ಮಾಡದೇ ಇರಬಹುದು. ಕುಕೀಯನ್ನೇ ಕಪ್ಪು ಮಾಡಿ. ಮೇಲಿನ ಲೆಕ್ಕದಲ್ಲಿ ಮೈದಾ 330 ಗ್ರಾಂಗೆ ಇಳಿಸಿ ಬ್ಲ್ಯಾಕ್ ಕೋಕೋ (ಕಡುಕಪ್ಪು ಬಣ್ಣದ ಕೋಕೋ ಪುಡಿ) 40 ಗ್ರಾಂ ಸೇರಿಸಿ, ಹಾಲು ಒಂದು ಟೇಬಲ್ ಚಮಚ ಹೆಚ್ಚು, ಯಾಕಂದರೆ ಕೋಕೋ ನೀರು ಜಾಸ್ತಿ ಕುಡಿಯುತ್ತೆ. ಬಾಯಿಯ ಒಳಭಾಗಕ್ಕೆ ಏನನ್ನೂ ಹಾಕದೆ ಬಿಟ್ಟರೆ ಅದೇ ಕಪ್ಪು. ಹಲ್ಲಿನ ಟ್ರಾನ್ಸ್‌ಫರ್ ನೇರ ಅದರ ಮೇಲೆ ಕೂರುತ್ತೆ. ಕೆಂಪು ತುಟಿಗೂ ಹಲ್ಲಿಗೂ ನಡುವೆ ಎರಡು ಮಿ.ಮೀ. ಬರಿಯ ಕುಕೀ ಬಿಟ್ಟರೆ ಐಸಿಂಗ್‌ಗೆ ಐಸಿಂಗ್ ಮುಟ್ಟುವ ಮಾತೇ ಇಲ್ಲ. ಕಪ್ಪು ಜೆಲ್‌ನ ಕಹಿಯೂ ತಪ್ಪಿತು.

ಬೆಂದಿದೆಯಾ ಅಂತ ಬಣ್ಣ ನೋಡಿ ತಿಳಿಯಲ್ಲ. ಅಂಚನ್ನ ಬೆರಳಲ್ಲಿ ಒತ್ತಿ, ಗುಳಿ ಬೀಳದಿದ್ದರೆ ಆಯ್ತು. ಲಟ್ಟಿಸುವಾಗ ಮೈದಾ ಉದುರಿಸಬೇಡಿ, ಬೆಂದ ಮೇಲೂ ಬಿಳಿ ಧೂಳು ಕಾಣುತ್ತೆ, ಅದೇ ಕೋಕೋ ಉದುರಿಸಿ.

ಮೈದಾಮನೆ

ಇದು ಬಹಳ ಚೆನ್ನಾಗಿದೆ. ಇದನ್ನೇ ಮಾಡ್ತೀನಿ. ಸಾಮಾನ್ಯ ಕೋಕೋ ಆಗಲ್ವಾ?

ಕೋಕೋಕಾಕ

ಕಂದು ಬರುತ್ತೆ, ಕಪ್ಪು ಬರಲ್ಲ. ರುಚಿಗೆ ತೊಂದರೆ ಇಲ್ಲ. ಕೆಂಪಿನ ಪಕ್ಕ ಕಂದು ಮಂಕಾಗಿ ಕಾಣುತ್ತೆ, ಅಷ್ಟೆ.

ನೇರಳೆಮಳೆ

ಮಗಳಿಗೆ ಕೊರಿಯಾದ ಬ್ಯಾಂಡ್ ಬಿಟಿಎಸ್ ಹುಚ್ಚು, ನೇರಳೆ ಬೇಕು. ಇದೇ ಕ್ರಮ ನಡೆಯುತ್ತಾ?

ಸಕ್ಕರೆಸೂಜಿ

ಹರಿಯುವ ಕಾಟ ಕಡಿಮೆ, ಮಾಸುವ ಕಾಟ ಹೆಚ್ಚು. ನೇರಳೆ ಅಂದರೆ ಗುಲಾಬಿ ಮತ್ತು ನೀಲಿ ಸೇರಿದ್ದು, ಬೆಳಕಿಗೆ ಗುಲಾಬಿ ಮೊದಲು ಹೋಗುತ್ತೆ, ಉಳಿಯೋದು ಬೂದು ನೀಲಿ. ಒಂದೆರಡು ಹನಿ ಗುಲಾಬಿ ಹೆಚ್ಚು ಹಾಕಿಯೇ ಬೆರೆಸಿ, ಒಣಗಿಸುವಾಗ ಕಿಟಕಿ ಹತ್ತಿರ ಬೇಡ, ಮೇಲೆ ರಟ್ಟಿನ ಡಬ್ಬ ಕವುಚಿ ಗಾಳಿಗೆ ಸಂದಿ ಬಿಡಿ.

ಕಲ್ಲುರುಳು

ಕಪ್ಪು ಕುಕೀ ಅಂದ ತಕ್ಷಣ ಪಿಂಕ್ ಫ್ಲಾಯ್ಡ್ ಬ್ಯಾಂಡ್‌ನ 1973ರ ಆಲ್ಬಂ ಮುಖಪುಟ ನೆನಪಾಯ್ತು, ಪ್ರಿಸಂ ಇರೋದು. ಅದಕ್ಕೆ ಚೌಕ ಕಪ್ಪು ಕುಕೀ, ಮೇಲೆ ಗಟ್ಟಿ ಐಸಿಂಗ್‌ನ ಗೆರೆಗಳು ಸಾಕು, ತುಂಬುವ ಕೆಲಸವೇ ಇಲ್ಲ. ಗಮನಿಸಿ, ಅದರಲ್ಲಿ ಬಣ್ಣ ಆರು, ಕಾಮನಬಿಲ್ಲಿನ ಏಳಲ್ಲ. ಏಳನೇದು ಎಳೆದರೆ ಅಭಿಮಾನಿಗಳು ಎಣಿಸಿ ಹೇಳ್ತಾರೆ.

ಶಾರದಾಪುರ

ಮಾರುವವರಿಗೆ ಒಂದು ಮಾತು. ಈ ಚಿಹ್ನೆಗಳು ನೋಂದಾಯಿತ ಟ್ರೇಡ್‌ಮಾರ್ಕ್. ಮನೆಯಲ್ಲಿ ಮಾಡಿ ಸ್ನೇಹಿತರಿಗೆ ಕೊಡುವುದು ಬೇರೆ, ಬೆಲೆ ಹಾಕಿ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವುದು ಬೇರೆ. ಆರ್ಡರ್ ತಗೊಳ್ಳುವವರು ಗಿಟಾರ್, ಡ್ರಮ್, ಕ್ಯಾಸೆಟ್ ಆಕಾರಗಳನ್ನು ಅದೇ ಕೆಂಪು-ಕಪ್ಪಿನಲ್ಲಿ ಮಾಡಿಕೊಡುವುದು ಕ್ಷೇಮ.

ಮೈದಾಮನೆ

ಇದು ಮಾರಾಟಕ್ಕಲ್ಲ, ಉಚಿತ. ಕೂಟ ಶನಿವಾರ ಸಂಜೆ. ಯಾವ ದಿನ ಯಾವ ಕೆಲಸ ಅಂತ ಯಾರಾದರೂ ಹೇಳಿ. ಪ್ಯಾಕಿಂಗ್ ಬಗ್ಗೆಯೂ.

ಓಟಿಜಿಒಡತಿ

ಬುಧವಾರ ಬೆಳಿಗ್ಗೆ ಐಸಿಂಗ್ ಮಾಡಿ, ಕೆಂಪು ಬೆರೆಸಿಡಿ, ಬಿಳಿ ಟ್ರಾನ್ಸ್‌ಫರ್‌ಗಳನ್ನ ಬರೆದು ಮುಗಿಸಿ. ಸಂಜೆ ಹಿಟ್ಟು ಲಟ್ಟಿಸಿ ಫ್ರಿಜ್‌ಗೆ. ಗುರುವಾರ ಬೆಳಿಗ್ಗೆ ಬೇಯಿಸಿ, ಪೂರ್ತಿ ಆರಲಿ, ಕುಕೀಗಳ ಕೆಳಗೆ ಟಿಶ್ಯೂ ಹಾಸಿ ನಾಲ್ಕೈದು ಗಂಟೆ ಬಿಟ್ಟರೆ ಹೆಚ್ಚಿನ ಜಿಡ್ಡು ಹೀರಿಕೊಳ್ಳುತ್ತೆ. ರಾತ್ರಿ ಇಟ್ಟ ಕೆಂಪು ಐಸಿಂಗ್‌ನಲ್ಲಿ ನೀರು ಬೇರೆಯಾಗಿರುತ್ತೆ, ಬಟ್ಟಲಿಗೆ ಹಾಕಿ ಚೆನ್ನಾಗಿ ಕಲಸಿ ಹದ ಮತ್ತೆ ನೋಡಿ. ಹಾಗೇ ಬಳಸಿದರೆ ಒಣಗಿದ ಮೇಲೆ ಮಚ್ಚೆಮಚ್ಚೆ. ಗುರುವಾರ ಸಂಜೆ ತುಟಿ, ನಾಲಿಗೆ. ಶುಕ್ರವಾರ ಸಂಜೆ ಹಲ್ಲು, ಹೊಳಪು ಅಂಟಿಸಿ. ಶನಿವಾರ ಬೆಳಿಗ್ಗೆ ಪ್ಯಾಕ್.

ಬೆರಳ ಬೆನ್ನಿನಿಂದ ಮುಟ್ಟಿ ನೋಡಿ, ತಣ್ಣಗೆ ಅನಿಸಿದರೆ ಒಳಗೆ ಇನ್ನೂ ತೇವ ಇದೆ. ಅಂಥದನ್ನ ಕವರ್‌ನಲ್ಲಿ ಸೀಲ್ ಮಾಡಿದರೆ ಆ ತೇವ ಹೊರಗೆ ಹೋಗೋಕೆ ದಾರಿ ಇಲ್ಲದೆ ಬಣ್ಣವನ್ನ ಕರಗಿಸುತ್ತೆ, ಇಷ್ಟು ಹೊತ್ತು ತಪ್ಪಿಸಿದ್ದು ಅಲ್ಲಿ ಆಗುತ್ತೆ. ಒಂದೊಂದನ್ನೇ ಪಾರದರ್ಶಕ ಪಾಕೀಟಿಗೆ ಹಾಕಿ, ಡಬ್ಬದಲ್ಲಿ ಮಲಗಿಸಿ ಪೇರಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಮೂಲೆಗಳ ಕಡೆ ಟಿಶ್ಯೂ ತುರುಕಿ.

ಮೈದಾಮನೆ

ಕೊನೆಯದು. ಉಳಿದ ಕೆಂಪು ಐಸಿಂಗ್ ಎಸೆಯಬೇಕಾ?

ಪಡುಕಡಲ್

ಎಸೆಯುವುದು ಯಾಕೆ? ಮೇಲ್ಮೈಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ, ತಿಂಗಳು ಇಡಬಹುದು. ತೆಗೆದ ಮೇಲೆ ಮುಚ್ಚಳ ತೆರೆಯದೆ ಕೋಣೆಯ ಶಾಖಕ್ಕೆ ಬರಲಿ, ಆಮೇಲೆ ಕಲಸಿ. ಕಡಲೆ ನೀರಿನದ್ದಾದರೆ ಇಡಬೇಡಿ, ಕರಗಿದ ಮೇಲೆ ನೀರಾಗ್ತದೆ, ಮತ್ತೆ ಹದಕ್ಕೆ ಬರುವುದು ಕಷ್ಟ.